ಬೂದಿಗೆ ಹಚ್ಚಿದ ಎಣ್ಣೆ

ನಮ್ಮ ಬೀದಿಯ ಕ್ಷೌರಿಕನನ್ನು ಊರೆಲ್ಲ ಕತ್ತರಿ ಮಾವ ಎಂದೇ ಕರೆಯುತ್ತಿತ್ತು. ಎರಡು ಕುರ್ಚಿ, ಬಿರುಕುಬಿಟ್ಟ ಕನ್ನಡಿ, ಕತ್ತಿ ಮಸೆಯುವ ಚರ್ಮದ ಪಟ್ಟಿ, ಇಷ್ಟೇ ಅವನ ಅಂಗಡಿ. ಕಣ್ಣು ಮಾತ್ರ ಬಲು ಚುರುಕು. ತಲೆಗೆ ಕೈ ಹಾಕಿದೊಡನೆ, "ಏನಯ್ಯಾ, ಈಚೆಗೆ ಜ್ವರ ಬಂದು ಮಲಗಿದ್ಯಾ?" ಎನ್ನುವನು. ಕೂತವನು ಬೆಪ್ಪಾಗಿ ಹೌದೆನ್ನುವನು. "ನಂಗೆ ಕೂದಲು ನೋಡಿದ್ರೆ ಸಾಕು, ನಾಡಿ ಯಾಕೆ?" ಎಂದು ಮೀಸೆಯಡಿ ನಗುವನು.

ಒಂದು ಹೆಣ್ಣು ನಾಯಿ ಅಂಗಡಿಯ ಮೆಟ್ಟಿಲ ಬಳಿ ಬಂದು ಸೇರಿಕೊಂಡಾಗ ಅದರ ಮೈತುಂಬ ಹೊಟ್ಟು, ಒಣಗಿದ ಚಕ್ಕೆ. ಮಾವ ಅದಕ್ಕೆ ಬೂದಿ ಎಂದು ಹೆಸರಿಟ್ಟ. ಗಿರಾಕಿಗಳ ತಲೆಗೆ ತಿಕ್ಕುವ ಕೊಬ್ಬರಿ ಎಣ್ಣೆಯನ್ನೇ ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ, ಕತ್ತಿನಿಂದ ಬಾಲದವರೆಗೆ ನೀವತೊಡಗಿದ. ಮೊದಮೊದಲು ಗುರ್ರೆನ್ನುತ್ತಿದ್ದ ನಾಯಿ, ಬರಬರುತ್ತ ಎಣ್ಣೆಯ ವಾಸನೆ ಬಂದರೇ ಅಂಗಾತ ಬೀಳುತ್ತಿತ್ತು. ಚಕ್ಕೆ ಉದುರಿ ಕಾಡಿಗೆಯಂಥ ಕಪ್ಪು ಹೊರಬಂತು. ಹೆಸರು ಮಾತ್ರ ಬೂದಿಯಾಗಿಯೇ ಉಳಿಯಿತು.

"ಮಾವ, ನನ್ನ ತಲೆಗೂ ಅದೇ ಎಣ್ಣೆ ಹಾಕು," ಎಂದ ಬಕ್ಕತಲೆಯ ಪೋಸ್ಟ್‌ಮ್ಯಾನ್.

"ನಿಂಗೆ ಹಾಕಿದ್ರೆ ಹೊಳಪು ಬರುತ್ತೆ ಕಣೋ, ಕೂದಲು ಬರಲ್ಲ. ಸುಮ್ನೆ ಕೂತ್ಕೋ."

ಅಂಗಡಿಯ ಹಿಂದೆಯೇ ಮನೆ. ಮಾವನಿಗೂ ಅವನ ಹೆಂಡತಿಗೂ ನೇರ ಮಾತು ಕಮ್ಮಿ; ಯಾವುದೋ ಹಳೇ ಮುನಿಸು ಅಭ್ಯಾಸವಾಗಿ ಉಳಿದಿತ್ತು. ಈಗ ನಾಯಿಯ ಮೂಲಕ ಮಾತು ಶುರುವಾಯಿತು.

"ಬೂದಿ, ನಿಮ್ಮಪ್ಪಂಗೆ ಹೇಳು, ಊಟ ಆರ್ತಾ ಇದೆ."

"ಬೂದಿ, ನಿಮ್ಮಮ್ಮಂಗೆ ಹೇಳು, ಬಂದೆ ಅಂತ."

ಹಾಗಾಗಿ ಆಕೆ ಮೊದಲು ಎಚ್ಚರಿಸಿದ್ದೂ ಅದೇ ದಾರಿಯಲ್ಲಿ. "ಬೂದಿ, ನೀನು ಬಟ್ಟಲು ಮುಟ್ತಿಲ್ಲ, ನೀರು ಮಾತ್ರ ಕೊಡಗಟ್ಟಲೆ ಕುಡೀತೀಯ ಅಂತ ಹೇಳು ನಿಮ್ಮಪ್ಪಂಗೆ."

ಮಾವ ನಾಯಿಯ ಬೆನ್ನು ಸವರಿದ. ರೋಮ ಕನ್ನಡಿಯ ಹಾಗೆ ಮಿನುಗಿತು. "ಇಂಥ ಮೈಯಲ್ಲಿ ಕಾಯಿಲೆ ಇರುತ್ತಾ ಅಂತ ಕೇಳು ನಿಮ್ಮಮ್ಮನ್ನ," ಎಂದು ಇನ್ನಷ್ಟು ಎಣ್ಣೆ ಸುರಿದುಕೊಂಡ.

ಒಂದು ಬೆಳಿಗ್ಗೆ ಬೂದಿ ಏಳಲಿಲ್ಲ. ಆಕೆ ಅದರ ಪಕ್ಕೆಗೆ ಕೈಯಿಟ್ಟು, ನೇರವಾಗಿ ಗಂಡನ ಮುಖ ನೋಡಿದಳು. "ರೀ, ಇಲ್ಲಿ ಮುಟ್ಟಿ. ಬರೀ ಮೂಳೆ. ನೀವೇ ಹಚ್ಚಿದ ಹೊಳಪು ನೋಡ್ಕೊಂಡು ಹಿಗ್ಗುತ್ತಾ ಕೂತಿದ್ದೀರಲ್ಲ!"

ಆಸ್ಪತ್ರೆಯಲ್ಲಿ ನಾಯಿಯ ಡಾಕ್ಟರಮ್ಮ ಬೂದಿಯ ತುಟಿ ಎತ್ತಿ ನೋಡಿದಳು. ವಸಡು ಸುಣ್ಣದಂತೆ ಬೆಳ್ಳಗಿತ್ತು. ರಕ್ತ ಪರೀಕ್ಷೆಯಾಯಿತು.

"ಎರಡೂ ಕಿಡ್ನಿ ಹೋಗಿವೆ ಅಜ್ಜ."

"ಎಣ್ಣೆಯಿಂದಾನಾ ತಾಯಿ?"

"ಎಣ್ಣೆಯಿಂದಲ್ಲ. ಚರ್ಮಕ್ಕೆ ಅದು ಒಳ್ಳೇದೇ ಮಾಡಿದೆ. ಊಟ ಬಿಟ್ಟಾಗ್ಲೇ ಕರ್ಕೊಂಡು ಬರ್ಬೇಕಿತ್ತು. ಡ್ರಿಪ್ ಹಾಕಿ ನೋಡ್ತೀನಿ."

ಡ್ರಿಪ್ಪಿನ ಸೂಜಿಗೆ ಮುಂಗಾಲಿನ ರೋಮ ತೆಗೆಯಬೇಕಿತ್ತು. ಎಣ್ಣೆಯ ಜಿಡ್ಡಿಗೆ ಅವರ ಮಿಷನ್ನು ಕಚ್ಚಿಕೊಂಡು ನಿಂತಿತು. ಮಾವ ಅಂಗಿಯ ಜೇಬಿನಿಂದ ತನ್ನ ಕತ್ತಿ ತೆಗೆದ. "ಬಿಡಿ ತಾಯಿ, ಇದು ನನ್ ಕೆಲ್ಸ." ಎಷ್ಟೋ ಗಲ್ಲಗಳ ಮೇಲೆ ಗೀರು ಬೀಳಿಸದೆ ಓಡಾಡಿದ ಕೈ. ಕಪ್ಪು ರೋಮ ಸರಿದಂತೆಲ್ಲ ಕೆಳಗಿನ ಕಾಲು ಕಾಣಿಸಿತು: ಕಡ್ಡಿಯಷ್ಟು ಸಣ್ಣ, ಜೋತ ತೊಗಲು, ರಕ್ತವೇ ಇಲ್ಲದ ಬಣ್ಣ. ಊರಿನವರ ತಲೆಯಲ್ಲೆಲ್ಲ ಕಾಯಿಲೆ ಹುಡುಕಿದವನು ಅಲ್ಲೇ ಕತ್ತಿ ಮಡಚಿ, ಆ ಕಾಲನ್ನು ಅಂಗೈಯಲ್ಲಿ ಹಿಡಿದು ಕೂತ.

ಡ್ರಿಪ್ಪಿನ ಸೀಸೆ ಅರ್ಧ ಇಳಿಯುವಷ್ಟರಲ್ಲಿ ಬೂದಿಯ ಉಸಿರು ನಿಂತಿತು.

ಮಾವ ಎತ್ತಿಕೊಳ್ಳಲು ಹೋದರೆ ಎಣ್ಣೆ ಮೈ ತೋಳಿನಿಂದ ಜಾರಿತು. ಮತ್ತೆ ಹಿಡಿದ, ಮತ್ತೆ ಜಾರಿತು. "ತಡೀರಿ, ಒಬ್ರಿಗೇ ಆಗಲ್ಲ," ಎಂದು ಜೊತೆಗೆ ಬಂದಿದ್ದ ಹೆಂಡತಿ, ಡಾಕ್ಟರಮ್ಮ ಕೊಟ್ಟ ಹಳೇ ಹೊದಿಕೆ ಹಾಸಿದಳು. ಒಂದು ತುದಿ ಅವಳು, ಒಂದು ತುದಿ ಅವನು. ಹೊರಗೆ ಬಿಸಿಲಿತ್ತು. ಎದುರಿಗೆ ಬಂದವನೊಬ್ಬ ಬಗ್ಗಿ ನೋಡಿ ಲೊಚಗುಟ್ಟಿದ. "ಅಯ್ಯೋ, ಮೈ ಹೆಂಗೆ ಹೊಳೀತಿದೆ! ಚೆನ್ನಾಗಿ ಸಾಕಿದ್ರಿ ಬಿಡಿ."

ಮಾವ ನಿಂತ. ಹೊದಿಕೆಯ ಅಂಚೆಳೆದು ಆ ಹೊಳಪನ್ನು ಮುಚ್ಚಿದ.