ಬೂದಿಯಲ್ಲಿ ಹೂತ ಗಿರಣಿಯ ಕಾಲು

ನಾನು ಶಹಾಪುರದಲ್ಲಿ ವೆಲ್ಡಿಂಗ್ ಅಂಗಡಿ ನಡೆಸುತ್ತೇನೆ. ಹೆಂಗಸು ವೆಲ್ಡಿಂಗ್ ಮಾಡುವುದನ್ನು ನೋಡಲು ಮೊದಮೊದಲು ಜನ ನಿಲ್ಲುತ್ತಿದ್ದರು. ಗೇಟು ಮಾಡಿಸುವವರಿಗಿಂತ ನೋಡುವವರೇ ಹೆಚ್ಚಿದ್ದರು. ಈಗ ಯಾರೂ ನಿಲ್ಲುವುದಿಲ್ಲ. ಗೇಟು ತಡವಾಯಿತೆಂದು ಜಗಳಕ್ಕೆ ಬರುತ್ತಾರೆ, ಅಷ್ಟೇ.

ಐಟಿಐಯಲ್ಲಿ ಈ ಕೆಲಸ ಕಲಿಯಲು ಸೇರಿದಾಗ ನಮ್ಮಲ್ಲಿ ಸಿಟ್ಟಾದವಳು ಒಬ್ಬಳೇ, ಅಪ್ಪನ ಅಕ್ಕ. ಕೊಂಕಲ್‌ನಲ್ಲಿ ಹಿಟ್ಟಿನ ಗಿರಣಿ ನಡೆಸುವ ಅತ್ತೆ. ಟೀಚರ್ ಆಗಬೇಕಾದ ಹುಡುಗಿ ಮುಖ ಸುಟ್ಟುಕೊಳ್ಳಲು ಹೋಗಿದ್ದಾಳೆ ಎಂದು ನನ್ನೊಂದಿಗೆ ಮಾತು ಬಿಟ್ಟಳು. ತಾನು ಮಾತ್ರ ದಿನವಿಡೀ ಮೋಟಾರು, ಬೆಲ್ಟುಗಳ ನಡುವೆ ಸೆರಗು ಸಿಕ್ಕಿಸಿಕೊಂಡು ಓಡಾಡುತ್ತಿದ್ದಳು. ಅದನ್ನು ಅವಳಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮದುವೆ ಮನೆಯಲ್ಲಿ ಎದುರಾದರೆ, ನನಗೆ ಹೇಳಬೇಕಾದ್ದನ್ನು ಅವ್ವನಿಗೆ ಹೇಳುತ್ತಿದ್ದಳು.

"ಅಕಿಗಿ ಆ ಕುರ್ಚಿ ಈ ಕಡಿ ಸರಸಂತ ಹೇಳು."

ನಾನು ಪಕ್ಕದಲ್ಲೇ ಇರುತ್ತಿದ್ದೆ. ಕುರ್ಚಿ ಸರಿಸುತ್ತಿದ್ದೆ.

ಹೋದ ವರ್ಷ ಅತ್ತೆ ಗಿರಣಿಯನ್ನು ಹೊಸ ಶೆಡ್ಡಿಗೆ ಸಾಗಿಸಿದಳು. ಟ್ರಾಲಿಯಿಂದ ಇಳಿಸುವಾಗ ಹಗ್ಗ ಜಾರಿ, ಗಿರಣಿಯ ಭಾರವೆಲ್ಲ ಒಂದೇ ಕಾಲಿನ ಮೇಲೆ ಬಿತ್ತು. ಬೀಡು ಕಬ್ಬಿಣದ ಕಾಲು ಅರ್ಧದವರೆಗೆ ಸೀಳಿತು. ಆ ಗಿರಣಿ ತಯಾರಿಸಿದ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿತ್ತು, ಬೇರೆ ಕಾಲು ಸಿಗುವಂತಿರಲಿಲ್ಲ. ಊರಿನ ವೆಲ್ಡರ್ ಬಂದು ಕಾಲನ್ನು ಬಿಚ್ಚಿ, ಗೇಟಿಗೆ ಬಳಸುವ ವೆಲ್ಡಿಂಗ್ ಕಡ್ಡಿಯಿಂದಲೇ ಬೆಸೆದರು. ಕೆಲಸ ನೋಡಲು ಚೆನ್ನಾಗಿಯೇ ಇತ್ತಂತೆ. ಎಲ್ಲರೂ ಚಹಾ ಕುಡಿಯುತ್ತಿರುವಾಗ ಕಾಲು ಟಕ್ ಎಂದಿತು. ಬೆಸುಗೆಗೆ ಏನೂ ಆಗಿರಲಿಲ್ಲ. ಅದರ ಪಕ್ಕದಲ್ಲಿ ಹೊಸ ಬಿರುಕು ಬಿದ್ದಿತ್ತು.

ಅತ್ತೆ ಅವ್ವನಿಗೆ ಫೋನ್ ಮಾಡಿದಳು. "ಅಕಿಗಿ ಬಾ ಅಂತ ಹೇಳು."

ಬೀಡು ಕಬ್ಬಿಣಕ್ಕೆ ಬೇಕಾದ ನಿಕ್ಕಲ್ ಕಡ್ಡಿ ಶಹಾಪುರದಲ್ಲಿ ಇರಲಿಲ್ಲ. ಯಾದಗಿರಿಯಲ್ಲಿ ಬಸ್ಸಿಳಿದು, ಹುಡುಕಿ ತೆಗೆದುಕೊಂಡು ಕೊಂಕಲ್ ಸೇರಿದೆ. ಊರಿನ ವೆಲ್ಡರ್ ತಮ್ಮ ಮಶೀನಿನ ಜೊತೆ ಶೆಡ್ಡಿನಲ್ಲೇ ಕಾಯುತ್ತಿದ್ದರು. ಮುಖ ಸಪ್ಪಗಿತ್ತು.

"ನಾ ಜೋಡ್ಸಿದ್ದು ಗಟ್ಟಿ ಅದರಿ. ಬಾಜೂಕ್ಕ ಸೀಳ್ಯದ ನೋಡ್ರಿ," ಎಂದರು.

"ಇದು ನಿಮ್ಮ ತಪ್ಪಲ್ರಿ," ಎಂದೆ. "ಈ ಕಬ್ಬಿಣದಾಗ ಕಾರ್ಬನ್ ಭಾಳ ಇರ್ತದ. ಕರಗಿದ್ದು ಲಗೂನ ಆರಿದ್ರ ಬೆಸುಗಿ ಬಾಜೂದ ಪಟ್ಟಿ ಗಾಜಿನಂಗ ಆಗ್ತದ. ಬೆಸುಗಿ ಆರಿಕೋತ ಕುಗ್ತದ, ಎಳೀತದ. ಗಾಜು ಎಳದ್ರ ಬಗ್ಗಂಗಿಲ್ಲ, ಒಡೀತದ."

"ಗೇಟು ಒಡ್ಯಂಗಿಲ್ಲಲ್ರಿ?"

"ಗೇಟಿನ ಕಬ್ಬಿಣದಾಗ ಕಾರ್ಬನ್ ಕಮ್ಮಿರಿ. ಅದು ಎಳದಂಗ ಬರ್ತದ."

ಅವರು ಗ್ರೈಂಡರ್ ಹಿಡಿದು ಹಳೆಯ ಬೆಸುಗೆಯನ್ನೂ ಅದರ ಅಕ್ಕಪಕ್ಕದ ಗಡಸು ಭಾಗವನ್ನೂ ಕೆರೆದು ತೆಗೆದರು. ಬಿರುಕು ಮುಂದೆ ಓಡದಂತೆ ನಾನು ಅದರ ತುದಿಯಲ್ಲಿ ತೂತು ಕೊರೆದೆ. ಬೆಸುಗೆ ಆಳಕ್ಕೆ ಇಳಿಯಲೆಂದು ಬಿರುಕಿನ ಜಾಗದಲ್ಲಿ ಇಳಿಜಾರು ಹಳ್ಳ ಮಾಡಿಕೊಂಡೆವು. ಆಮೇಲೆ ಹಿತ್ತಲಲ್ಲಿ ಸಗಣಿಯ ಕುಳ್ಳು ಪೇರಿಸಿ ಬೆಂಕಿ ಹಾಕಿ, ನಡುವೆ ಕಾಲನ್ನು ಇಟ್ಟೆವು. ಬೆಸೆಯುವ ಜಾಗವಷ್ಟೇ ಕಾದು ಉಳಿದದ್ದು ತಣ್ಣಗಿದ್ದರೆ ಮತ್ತೆ ಅದೇ ಎಳೆದಾಟ. ಇಡೀ ಕಾಲು ಒಟ್ಟಿಗೆ ಕಾಯಬೇಕು, ಒಟ್ಟಿಗೆ ಆರಬೇಕು.

ಅತ್ತೆ ಬೆಂಕಿಯ ಹತ್ತಿರ ಬಂದು ನಿಂತಳು. ಅವ್ವ ಬಂದಿರಲಿಲ್ಲ. ವೆಲ್ಡರ್ ಕುಳ್ಳು ತರಲು ಹೋಗಿದ್ದರು. ಹೇಳಿಕಳಿಸಲು ಯಾರೂ ಇರಲಿಲ್ಲ.

"ರೊಟ್ಟಿ ಹಂಚಿನಷ್ಟು ಕಾದ್ರ ಸಾಲ್ದೇನು?" ಎಂದು ಕೊನೆಗೆ ಬೆಂಕಿಯನ್ನು ನೋಡುತ್ತ ಕೇಳಿದಳು.

"ಅದಕ್ಕಿಂತ ಜಾಸ್ತಿ ಬೇಕತ್ತಿ. ಬೆಂಕಿಕಡ್ಡಿ ತಲಿ ಮುಟ್ಟಿಸಿದ ಕೂಡ್ಲೆ ಹತ್ತಬೇಕು."

ಅವಳು ಒಳಗೆ ಹೋಗಿ ಬೆಂಕಿಪೊಟ್ಟಣ ತಂದಳು. ನಾನು ಕುಳ್ಳು ಸರಿಸಿ, ಇಕ್ಕಳದಲ್ಲಿ ಕಡ್ಡಿ ಹಿಡಿದು ಕಾಲಿಗೆ ಮುಟ್ಟಿಸಿದೆ, ಹತ್ತಲಿಲ್ಲ. ಕುಳ್ಳು ಹೆಚ್ಚಿಸಿದೆವು. ಸ್ವಲ್ಪ ಹೊತ್ತಿನ ಮೇಲೆ ಮುಟ್ಟಿಸಿದಾಗ ಚಟಕ್ಕನೆ ಹತ್ತಿಕೊಂಡಿತು. ಅತ್ತೆ ತಲೆಯಾಡಿಸಿದಳು.

ಆಮೇಲೆ ನಿಕ್ಕಲ್ ಕಡ್ಡಿಯಿಂದ ಒಂದೊಂದು ಬೆರಳಗಲ ಬೆಸೆಯುವುದು, ಬಿಸಿ ಇರುವಾಗಲೇ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ಬಡಿಯುವುದು, ಮತ್ತೆ ಬೆಸೆಯುವುದು. ಬಡಿದರೆ ಬೆಸುಗೆ ಹಿಗ್ಗಿ ಎಳೆತ ಕಡಿಮೆಯಾಗುತ್ತದೆ. ಮುಗಿದ ಮೇಲೆ ಕಾಲನ್ನು ಬಿಸಿ ಬೂದಿಯಲ್ಲಿ ಹೂತು, ಮೇಲೆ ತಗಡು ಮುಚ್ಚಿದೆ. "ನಾಳಿ ಮುಂಜಾನಿ ತನಾ ಯಾರೂ ಮುಟ್ಟಬ್ಯಾಡ್ರಿ," ಎಂದೆ.

ಜೋಳ ಬೀಸಿಸಲು ಬಂದ ಹಿರಿಯರೊಬ್ಬರಿಗೆ ಇದು ಸರಿ ಕಾಣಲಿಲ್ಲ. "ಒಂದು ಕೊಡ ನೀರು ಹೊಡದ್ರ ಈಗ್ಲೇ ಆರ್ತದಲ್ಲವ್ವ," ಎಂದರು. ಹಿತ್ತಲಲ್ಲಿದ್ದ ನೀರಿನ ಕೊಡವನ್ನು ಆಗಲೇ ಎತ್ತಿಕೊಂಡಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಅವರಿಗೆ ಕಾರ್ಬನ್ನು, ಗಾಜು, ಎಳೆತ ಎಲ್ಲವನ್ನೂ ವಿವರಿಸಿದಳು. ಶೆಡ್ಡಿನಲ್ಲಿ ನಾನು ಹೇಳಿದ್ದನ್ನು ಅವಳು ಬಾಗಿಲ ಆಚೆ ನಿಂತು ಕೇಳಿಸಿಕೊಂಡಿದ್ದಳೆಂದು ಆಗ ಗೊತ್ತಾಯಿತು. ಒಂದೆರಡು ಕಡೆ ತಪ್ಪಿತ್ತು, ನಾನು ತಿದ್ದಲಿಲ್ಲ. ಹಿರಿಯರು ಆ ನೀರನ್ನು ಅಲ್ಲೇ ಕಟ್ಟಿದ್ದ ಎಮ್ಮೆಗೆ ಕುಡಿಸಿದರು.

ಬೆಳಿಗ್ಗೆ ಕಾಲನ್ನು ತೆಗೆದು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿದೆ. ಬಿರುಕಿದ್ದರೆ ಒಡೆದ ಗಡಿಗೆಯ ಸದ್ದು ಬರುತ್ತದೆ. ಠಣ್ ಎಂದಿತು. ವೆಲ್ಡರ್ ತಾವೂ ಬಡಿದು ನೋಡಿದರು, ಅತ್ತೆಯೂ ಬಡಿದಳು. ಬೋಲ್ಟು ಬಿಗಿದು ಗಿರಣಿ ಹಚ್ಚಿದೆವು. ಮಧ್ಯಾಹ್ನದವರೆಗೆ ಜೋಳ ಬೀಸಿತು, ಕಾಲು ಅಲ್ಲಾಡಲಿಲ್ಲ.

ಬಸ್ಸಿಗೆ ಹೊರಟಾಗ ಅತ್ತೆ ರಸ್ತೆಯವರೆಗೆ ಬಂದಳು. ಬಸ್ಸು ತಡವಾಯಿತು. ಅಷ್ಟು ವರ್ಷ ಮಾತು ಬಿಟ್ಟವರಿಗೆ ಎಲ್ಲಿಂದ ಶುರು ಮಾಡಬೇಕೋ ತಿಳಿಯಲಿಲ್ಲ.

"ಈ ಸಲ ತೊಗರಿ ಛಲೋ ಬಂದದ," ಎಂದಳು.

"ಹೌದತ್ತಿ. ನಮ್ಮ ಕಡಿನೂ ಬಂದದ."

ಬಸ್ಸು ಬರುವವರೆಗೂ ತೊಗರಿಯ ಬಗ್ಗೆಯೇ ಮಾತಾಡಿದೆವು.