ಲಸಿಕೆ ಮುಗಿದಿರಲಿಲ್ಲ

ಹಂದಿಜ್ವರದ ಸುದ್ದಿ ಹಬ್ಬಿದ ಮರುವರ್ಷ, ಮಳೆಗಾಲಕ್ಕೆ ಮೊದಲು, ಕೋಟೇಶ್ವರದ ಡಾಕ್ಟರು ನನಗೂ ನನ್ನ ತಂಗಿಯ ಗಂಡನಿಗೂ ಫ್ಲೂ ಲಸಿಕೆ ಹಾಕಿಸಿಕೊಳ್ಳಲು ಹೇಳಿದರು. ನಾವಿಬ್ಬರೂ ಹಂಚಿನ ಕಾರ್ಖಾನೆಯಲ್ಲಿ ದುಡಿದು ಮುದುಕರಾದವರು, ಬೀಡಿ ಸೇದುವವರು. ಭಾವನ ಎದೆ ನನ್ನದಕ್ಕಿಂತ ಕೆಟ್ಟಿತ್ತು. ಬೀಜಾಡಿಯ ಮನೆಯಿಂದ ಹೆದ್ದಾರಿಗೆ ಬರುವಷ್ಟರಲ್ಲಿ ಎರಡು ಸಲ ನಿಲ್ಲುತ್ತಿದ್ದ. ಈ ಎದೆಗೆ ಜ್ವರ ಇಳಿದರೆ ಕಷ್ಟ ಎಂದು ಡಾಕ್ಟರು ತಂಗಿಯ ಎದುರೇ ಹೇಳಿದ್ದರು. ಬೀಡಿ ಬಿಟ್ಟಾಯಿತೆಂದು ನಾವು ಅವರಿಗೆ ಸುಳ್ಳು ಹೇಳಿದ್ದೆವು.

ಹೇಳಿದ ದಿನ ಹೋದೆವು. ಬಸ್ಸಿಳಿದವರೇ ಅಭ್ಯಾಸದಂತೆ ಒಂದು ಬೀಡಿಯನ್ನು ಇಬ್ಬರೂ ಸೇದಿದೆವು. ಡಾಕ್ಟರ ಕೋಣೆಯ ಹೊರಗೆ ನಮಗಿಂತ ಮುಂದೆ ಮೂವರಿದ್ದರು. ಭಾವ ಆಗಲೇ ಅಂಗಿಯ ತೋಳು ಮಡಚಿ ಕೂತಿದ್ದ.

"ಹ್ವಾಯ್ ಭಾವ, ನನ್ನ್ ಬಾಯಿ ವಾಸ್ನಿ ಬತ್ತಾ?" ಎಂದೆ.

"ಬಾಯಿ ಎಂತಕೆ, ನಿಮ್ಮ್ ಅಂಗಿಯೇ ಬೀಡಿ ಕಟ್ಟಿನ್ ಹಂಗೆ ಇತ್ತ್."

"ಹಂಗಾರೆ ಹೋಪ. ಡಾಕ್ಟ್ರು ಮರ್ಯಾದಿ ತೆಗಿತ್ರ್."

"ತೆಗ್ದ್ರೆ ತೆಗೀಲಿ ಮಾರಾಯ್ರೆ. ಸೂಜಿ ಹಾಕ್ಸ್ಕಂಡೇ ಹೋಪ."

"ನಾಳೆ ಬಾಯಿ ತೊಳ್ಕಂಡ್ ಬಪ್ಪ, ಏಳಿ."

ನಾನು ಅವನ ಹೆಂಡತಿಯ ಅಣ್ಣ. ನನ್ನ ಮಾತು ಮೀರಿ ಅವನಿಗೆ ಗೊತ್ತಿರಲಿಲ್ಲ. ಎದ್ದ.

ಅವರ ಮನೆ ಬಾಗಿಲಲ್ಲೇ ನಿಂತಿದ್ದ ತಂಗಿಗೆ, "ಲಸಿಕೆ ಮುಗ್ದ್ ಹೋಯ್ತಂಬ್ರ್" ಎಂದವನು ನಾನು. ಭಾವ ಚಪ್ಪಲಿ ಬಿಚ್ಚಿ ಒಳಗೆ ಹೋದ. ಮರುದಿನ ಬೆಳಿಗ್ಗೆ ಎದ್ದು ಮತ್ತೆ ಸೇದಿದೆವು. ಅದರ ಮರುದಿನವೂ.

ಮಳೆ ಹಿಡಿದ ಮೇಲೆ ಜ್ವರ ಮೊದಲು ನನಗೆ ಬಂತು. ಗಂಜಿ ತಂದುಕೊಟ್ಟ ಭಾವ ಪಕ್ಕದಲ್ಲೇ ಕೂತು, ನಾನು ಅರ್ಧ ಸೇದಿಟ್ಟಿದ್ದ ಬೀಡಿಯನ್ನು ಹಚ್ಚಿದ. ಬೇಡವೆನ್ನಲು ನನಗೆ ತೋಚಲಿಲ್ಲ. ನಾನು ಎದ್ದೆ, ಅವನು ಮಲಗಿದ. ಕುಂದಾಪುರದ ಆಸ್ಪತ್ರೆಯಲ್ಲಿ ಒಂದೊಂದು ಉಸಿರಿಗೂ ಅವನ ಪಕ್ಕೆಲುಬು ಎದ್ದು ಕಾಣುತ್ತಿತ್ತು. ನಾಲ್ಕು ದಿನ ಹಾಗೆ ಎಳೆದ. ಲಸಿಕೆ ಹಾಕಿಸಿದ್ದರೆ ಉಳಿಯುತ್ತಿದ್ದನೋ ಇಲ್ಲವೋ, ಯಾರೂ ಹೇಳಲಾರರು. ಬೆಂಚಿನಿಂದ ಎಬ್ಬಿಸಿದ್ದು ಮಾತ್ರ ನಾನು.

ಬಡವರಿಗೆ ಮುಗಿಯಿತೆಂದು ಹೇಳಿ ಉಳ್ಳವರಿಗೆ ಹಾಕಿದರೆಂದು ತಂಗಿ ಬಂದವರಿಗೆಲ್ಲ ಹೇಳಿಕೊಂಡು ಅತ್ತಳು. ನಾನು ಅಲ್ಲೇ ಕೂತು ಕೇಳಿದೆ.

ಈಗ ಅವಳಿಗೂ ಕೆಮ್ಮು ಹತ್ತಿದೆ. ಔಷಧಿಗೆ ಹೋಗು, ಈ ಸಲ ಲಸಿಕೆಯನ್ನಾದರೂ ಹಾಕಿಸಿಕೋ ಎಂದರೆ, "ಆ ಡಾಕ್ಟ್ರ್ ಮೆಟ್ಲ್ ನಾ ಹತ್ತೂದಿಲ್ಲೆ ಅಣ್ಣ" ಎನ್ನುತ್ತಾಳೆ. ನಿಜ ಹೇಳಿದರೆ ಹೋದಾಳು. ಆಮೇಲೆ ನನ್ನ ಮುಖ ನೋಡಲಾರಳು. ಮೂರು ದಿನದಿಂದ ಹೇಳಲೆಂದೇ ಅವಳ ಅಂಗಳದವರೆಗೆ ಹೋಗಿ ಹಿಂದೆ ಬಂದಿದ್ದೇನೆ. ನಿನ್ನೆ ಕೆಮ್ಮು ಬೇಲಿಯ ದಣಪೆಯ ಆಚೆಗೂ ಕೇಳುತ್ತಿತ್ತು.