ಗಂಡಸರಿಗೆ ಪ್ರವೇಶವಿಲ್ಲದ ಗುರುವಾರ

ಹೆಂಗಸರೇ ಸೇರುವ ಸಮಾರಂಭವೆಂದರೆ ಅರಿಶಿನ ಕುಂಕುಮ ಎಂದೇ ನಾನು ತಿಳಿದಿದ್ದೆ. ಒಳಗೆ ಹೋಗುವುದು, ಹಣೆಗೆ ಇಡಿಸಿಕೊಳ್ಳುವುದು, ಎಲೆ ಅಡಿಕೆ, ರವಿಕೆ ಕಣ, ಒಂದು ಹಿಡಿ ಕೋಸಂಬರಿ ಪಡೆದು ಹೊರಡುವುದು. ಅಮೆರಿಕದ ಸ್ಯಾನ್ ಹೋಸೆಗೆ ಬಂದ ಮೇಲೆ ಇದಕ್ಕೊಂದು ಹೊಸ ಶಾಸ್ತ್ರ ಸೇರಿಕೊಂಡಿದೆ: ಅಷ್ಟು ಹೊತ್ತೂ ಗಂಡಂದಿರು ಹೊರಗೆ ಕಾರಿನಲ್ಲಿ ಕಾಯುವುದು.

ಎಂಬತ್ತರ ದಶಕದ ಒಂದು ಫೆಬ್ರವರಿ. ಆ ಊರಿನ ಎವರ್‌ಗ್ರೀನ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯ ಹಲೀನಾ, ಪೋಲೆಂಡಿನವಳು, ಬೇಲಿಯಾಚೆಯಿಂದ ಕರೆದಳು. ಈಸ್ಟರಿಗೆ ಮುಂಚಿನ ದೀರ್ಘ ಉಪವಾಸ ಶುರುವಾಗುವ ಮೊದಲು, ಕೊನೆಯ ಗುರುವಾರ, ಹೆಂಗಸರದೇ ಹಬ್ಬವಂತೆ. ಅವಳ ಕಡೆ ಸಂತೆಯಲ್ಲಿ ತರಕಾರಿ ಮಾರುವವರು ಮಾಡುತ್ತಿದ್ದದ್ದು. ನಡುವೆ ನಿಂತುಹೋಗಿದ್ದನ್ನು ಅವಳೂ ಗೆಳತಿಯರೂ ಇಲ್ಲಿನ ಚರ್ಚಿನ ಹಾಲಿನಲ್ಲಿ ಮತ್ತೆ ಶುರುಮಾಡಿದ್ದರು. ಗಂಡಸು ಒಳಗೆ ಬಂದರೆ ಟೈ ಕತ್ತರಿಸುತ್ತೇವೆ, ಇಲ್ಲವೇ ಕುಣಿಸುತ್ತೇವೆ ಎಂದಳು. ನಮ್ಮವರು ಹೇಗೂ ಕಾರಿನಲ್ಲೇ ಇರುತ್ತಾರಲ್ಲ ಎಂದು ನಾನು ಇದನ್ನು ಅವರಿಗೆ ಹೇಳಲಿಲ್ಲ. ಕುಂಕುಮದ ಭರಣಿ ಹಿಡಿದು ಹೊರಟೆ. ಆಫೀಸಿನಿಂದ ಆಗಷ್ಟೇ ಬಂದಿದ್ದ ಇವರು ಟೈ ಕೂಡ ಬಿಚ್ಚದೆ ಪಾರ್ಕಿಂಗ್ ಲಾಟಿನಲ್ಲಿ ಕೂತರು.

ಒಳಗೆ ನೋಡಿದರೆ ಎಲ್ಲರೂ ಗಂಡಂದಿರ ಕೋಟು ತೊಟ್ಟು, ಮಸಿಯಲ್ಲಿ ಮೀಸೆ ಬರೆದುಕೊಂಡಿದ್ದಾರೆ. ಒಬ್ಬ ಅಜ್ಜಿ ಅಕಾರ್ಡಿಯನ್ ಬಾರಿಸುತ್ತಿದ್ದಾಳೆ. ನಾನು ಭರಣಿ ತೆಗೆದದ್ದೇ ತಡ, ಮೀಸೆಯವರೆಲ್ಲ ಸಾಲಾಗಿ ನಿಂತು ಹಣೆಯೊಡ್ಡಿದರು. ಜಾಮು ತುಂಬಿ ಕರಿದ ಬನ್ನಿನಂಥದ್ದು ಬಂತು. ಯಾರಿಗೂ ಬಡಿಸದೆ, ಕೂತು, ಬಿಸಿಬಿಸಿಯಾಗಿ ತಿಂದೆ. ಕೊನೆಯವರೆಗೂ ಇರಬೇಕೆಂಬ ಆಸೆ ಹುಟ್ಟಿಬಿಟ್ಟಿತು. ಹೊರಗೆ ಕಾಯುತ್ತಿರುವವರ ನೆನಪಾದಾಗಲೆಲ್ಲ ಇನ್ನೊಂದು ಹಾಡು ಮುಗಿಯಲಿ ಎಂದುಕೊಂಡೆ.

ಗಂಟೆಯ ಮೇಲಾಯಿತೇನೋ, ಬಾಗಿಲು ತೆರೆಯಿತು.

"ಸರೋಜಾ, ಇನ್ನೂ ತಾಂಬೂಲ ಕೊಟ್ಟಿಲ್ವೇನೇ?"

ಮಾತು ಮುಗಿಯುವುದರೊಳಗೆ ಇಬ್ಬರು ಮೀಸೆಯವರು ಇವರ ತೋಳು ಹಿಡಿದಿದ್ದರು. ಹಲೀನಾ ಕತ್ತರಿಯನ್ನು ನನ್ನ ಕೈಗಿತ್ತಳು. ಗಂಡ ನನ್ನವನಾದ್ದರಿಂದ ತೀರ್ಪೂ ನನ್ನದೇ ಅಂತೆ.

"ಏನೇ ಇದು? ನಾನು ಬರೀ ಡ್ರೈವರು ಅಂತ ಹೇಳೇ ಇವ್ರಿಗೆ."

ಹೇಳಿದ್ದರೆ ಬಿಡುತ್ತಿದ್ದರು. ಬಿಟ್ಟ ಮೇಲೆ ನಾನೂ ಇವರ ಹಿಂದೆ ಹೊರಡಬೇಕಾಗುತ್ತಿತ್ತು.

"ಟೈ ರೇಷ್ಮೇದು ಕಣ್ರೀ, ಹಾಳಾಗುತ್ತೆ. ಕುಣಿದುಬಿಡಿ."

ಕುಣಿದರು. ಮೊದಲು, ಜೇಬಿನಲ್ಲಿ ಏನನ್ನೋ ಹುಡುಕುವವರಂತೆ. ಅಜ್ಜಿ ಬಿಡಲಿಲ್ಲ. ಮೂರನೆಯ ಹಾಡಿಗೆ ಬೂಟು ಬಿಚ್ಚಿದರು. ಅದಾದ ಮೇಲೆ ಯಾರೋ ಇವರಿಗೂ ಒಂದು ಮೀಸೆ ಬರೆದರು, ಇದ್ದ ಮೀಸೆಯ ಮೇಲೆಯೇ. ಇವರು ಹೊರಗೆ ಕಾಯುತ್ತಾರಲ್ಲ ಎಂದು ನಾನು ಎಷ್ಟು ಮನೆಗಳಿಂದ ಅರ್ಧಕ್ಕೇ ಎದ್ದು ಬಂದಿದ್ದೇನೋ. ಒಳಗೆ ಬನ್ನಿ ಎಂದು ಇವರನ್ನು ಮಾತ್ರ ಯಾರೂ ಕರೆದಿರಲಿಲ್ಲ.

ಕೊನೆಗೆ ಹೊರಡೋಣವೇ ಎಂದು ಕೇಳಿದವಳು ನಾನೇ. ಆ ಗದ್ದಲದಲ್ಲಿ ಅವರಿಗೆ ಕೇಳಿಸಲಿಲ್ಲ. ನಾನೂ ಅಷ್ಟೇನೂ ಗಟ್ಟಿಯಾಗಿ ಕೇಳಿರಲಿಲ್ಲ.